ಮೂರು ಬೆಲೆಯ ಉಪ್ಪಿನಕಾಯಿ

ಬೇರೆ ಯಾರ ಹತ್ತಿರವೂ ಇಲ್ಲದ ವಸ್ತುವೊಂದು ನಮ್ಮ ಕೈಲಿದ್ದರೆ ನಡಿಗೆಯೇ ಬದಲಾಗುತ್ತದೆ. ನನ್ನದು ಬದಲಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ಟೀ ಫ್ಯಾಕ್ಟರಿಯಲ್ಲಿ ಸೊಪ್ಪಿನ ತೂಕ ಬರೆದುಕೊಂಡವನು ನಾನು. ಬೆಲೆಯನ್ನು ಯಾವಾಗಲೂ ಬೇರೆಯವರು ಹೇಳುತ್ತಿದ್ದರು, ನಾವು ತಲೆಯಾಡಿಸುತ್ತಿದ್ದೆವು. ನಿವೃತ್ತನಾದ ಮೇಲೆ ಬೆಲೆ ಹೇಳುವ ಯೋಗ ನನಗೇ ಬಂತು. ಕಾರಣ, ನಮ್ಮ ಹಿತ್ತಲಿನ ಆರು ಮರತಕ್ಕಾಳಿ ಮರಗಳು. ಕೋಳಿಮೊಟ್ಟೆಯ ಆಕಾರದಲ್ಲಿ ಜೋತುಬೀಳುವ, ಮರದಲ್ಲಿ ಬಿಡುವ ಕೆಂಪು ಟೊಮೇಟೊ ಅದು. ಇತ್ತಲಾರಿನ ನಮ್ಮ ಹಟ್ಟಿಯಲ್ಲಿ ಎಲ್ಲರೂ ಆ ಮರಗಳನ್ನು ಕಿತ್ತು ಟೀ ಹಾಕಿದರು. ನಾನು ಸೋಮಾರಿತನದಿಂದ ಕೀಳಲಿಲ್ಲ. ಈಗ ಅದನ್ನೇ ದೂರದೃಷ್ಟಿ ಎಂದು ಹೇಳಿಕೊಳ್ಳುತ್ತೇನೆ. ಆ ಹಣ್ಣನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು ನನ್ನ ಹೆಂಡತಿ ಮಾದಿ ಹಾಕುವ ಉಪ್ಪಿನಕಾಯಿಯ ಹದ ಈ ಬೆಟ್ಟದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಹಾಕುವುದು ಅವಳು, ಮಾರುವುದು ನಾನು. ಹಟ್ಟಿಯಲ್ಲಿ ಎಲ್ಲರೂ ಅಣ್ಣತಮ್ಮಂದಿರಲ್ಲವೇ, ಅವರಿಗೆ ಬಾಟಲಿಗೆ ಎಂಬತ್ತು. ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೆ ಅದೇ ಬಾಟಲಿಯ ಮುಚ್ಚಳಕ್ಕೆ ಚೂರು ಕೆಂಪು ಬಟ್ಟೆ ಕಟ್ಟಿ ಇನ್ನೂರೈವತ್ತು. ಅವರು ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ಕೊಳ್ಳುತ್ತಾರೆ. ಮೂರನೆಯ ಪೇಟೆ ನಂಜನಾಡು, ಮಾದಿಯ ತವರು. ಅಲ್ಲಿ ನೂರೈವತ್ತು. ಅಳಿಯನ ಜೊತೆ ಯಾರೂ ಚೌಕಾಸಿ ಮಾಡುವುದಿಲ್ಲ, ಅಂಥ ಮರ್ಯಾದೆಯನ್ನು ಸುಮ್ಮನೆ ಪೋಲು ಮಾಡುವುದೇಕೆ? ತವರಿಗೆ ಹೋಗುವ ಬಾಟಲಿಗಳು ಉಡುಗೊರೆಯೆಂದೇ ಮಾದಿ ತಿಳಿದಿದ್ದಳು. ನಾನು ಸುಳ್ಳು ಹೇಳಲಿಲ್ಲ, ಅವಳು ಕೇಳಲಿಲ್ಲ.

ಈ ವರ್ಷ ನಂಜನಾಡಿನವರು ಬಾಟಲಿ ಕೇಳುವುದನ್ನೇ ನಿಲ್ಲಿಸಿದರು. ಆದರೆ ಹಟ್ಟಿಯಲ್ಲಿ ವ್ಯಾಪಾರ ಏರಿತು. ಪಕ್ಕದ ಮನೆಯ ಜೋಗಿಯಣ್ಣ ಒಂದೇ ಸಲಕ್ಕೆ ಹತ್ತು ಬಾಟಲಿ ಒಯ್ದ. ಮನೆಯಲ್ಲಿ ಗಂಡಹೆಂಡತಿ ಇಬ್ಬರೇ, ಇಷ್ಟು ಉಪ್ಪಿನಕಾಯಿ ತಿಂದರೆ ಹೊಟ್ಟೆ ಏನಾದೀತು ಎಂಬ ಯೋಚನೆ ನನಗೆ ಬರಬೇಕಿತ್ತು. ಬರಲಿಲ್ಲ. ನಮ್ಮ ಹಟ್ಟಿಯವರಿಗೆ ರುಚಿ ಗೊತ್ತು ಎಂದು ಮಾದಿಯ ಮುಂದೆ ಬೀಗಿದೆ.

ಮಾದಿಯ ತಮ್ಮ ಭೋಜ ನಂಜನಾಡಿನಲ್ಲಿ ಹೊಸ ಮನೆ ಕಟ್ಟಿಸಿ ಮನೆಯೊಕ್ಕಲಿಗೆ ಕರೆದಿದ್ದ. ಹಟ್ಟಿಗೆ ಹಟ್ಟಿಯೇ ಹೋದೆವು. ಊಟಕ್ಕೆ ಕೂತರೆ ಎಲ್ಲರ ಎಲೆಯ ತುದಿಯಲ್ಲೂ ನಮ್ಮ ಉಪ್ಪಿನಕಾಯಿ. ನನ್ನಿಂದ ಕೊಳ್ಳದೆ ಇದು ಹೇಗೆ ಬಂತೆಂದು ಭೋಜನನ್ನು ಕೇಳಿಯೇಬಿಟ್ಟೆ. ಅವನು ನಾಚಿಕೊಂಡು ಬಗ್ಗಿ ಹೇಳಿದ: "ಬಾವ, ನಿಮ್ಮ ಹತ್ತಿರ ರೇಟು ಕುಗ್ಗಿಸಿ ಕೇಳಿದರೆ ಎಂಗಳಿಗೆ ಮರ್ಯಾದೆಯಲ್ಲ. ಅದಕ್ಕೆ ಜೋಗಿಯಣ್ಣನ ಕೈಲಿ ಎಂಬತ್ತಕ್ಕೇ ತರಿಸಿದೆವು."

ಪಕ್ಕದಲ್ಲೇ ಮಾದಿ ಅನ್ನ ಬಡಿಸುತ್ತಿದ್ದಳು. ಸೌಟು ನಿಂತಿತು. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: "ಎನ್ನ ಅಪ್ಪನ ಮನೆಗೂ ಬೆಲೆ ಕಟ್ಟಿದಿರಾ?" ಒಂದೊಂದು ಪೇಟೆಯ ಶಕ್ತಿ ಒಂದೊಂದು ಥರ ಎಂದು ವಿವರಿಸಲು ಹೊರಟೆ. ಇನ್ನು ಮೇಲೆ ಉಪ್ಪಿನಕಾಯಿ ಹಾಕುವುದಿಲ್ಲ ಎಂದು ಹೇಳಿ ಒಳಗೆ ಹೋದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಹಣ್ಣು ಉದುರತೊಡಗಿತು. ಮರ ನನ್ನದಾದರೂ ಹದ ಅವಳದು ಎಂಬುದು ಆಗ ಹೊಳೆಯಿತು. ತಪ್ಪಾಯಿತೆಂದು ಮೂರು ದಿನ ಹೇಳಿದೆ.

ನಾಲ್ಕನೆಯ ದಿನ ಒಲೆ ಹಚ್ಚಿದಳು. ಬೆಲೆ ಇನ್ನು ಅವಳೇ ಹೇಳುವುದಂತೆ. ತವರಿಗೆ ಪುಕ್ಕಟೆ, ಹಟ್ಟಿಗೆ ಎಂಬತ್ತು, ಕಾರಿನವರಿಗೆ ಮುನ್ನೂರು. ಮುನ್ನೂರು ನನಗೂ ಹೊಳೆದಿರಲಿಲ್ಲ; ಹೆಂಡತಿಯ ಬಗ್ಗೆ ಹೆಮ್ಮೆಯಿಂದ ಎದೆಯುಬ್ಬಿತು. ಆ ಖುಷಿಯಲ್ಲೇ ಊಟಕ್ಕೆ ಕೂತು, ಉಪ್ಪಿನಕಾಯಿ ಹಾಕು ಎಂದು ತಟ್ಟೆ ಚಾಚಿದೆ.

"ನಿಮಗೆ ಬೇರೆ ರೇಟು," ಎಂದಳು.

ಹಣ್ಣು ಕೀಳುವುದು, ಸುಡುವುದು, ಸುಲಿಯುವುದು, ಬಾಟಲಿ ತೊಳೆಯುವುದು, ಎಲ್ಲ ಇನ್ನು ನನ್ನ ಪಾಲಿಗೆ. ಅದಕ್ಕೆ ಊಟಕ್ಕೊಂದು ಚಮಚ. ಬೇರೆ ಕಡೆ ಸಿಗುವ ವಸ್ತುವಲ್ಲ, ಚೌಕಾಸಿ ಮಾಡದೆ ಒಪ್ಪಿಕೊಂಡೆ. ಇಡೀ ನೀಲಗಿರಿಯಲ್ಲಿ ಆ ಉಪ್ಪಿನಕಾಯಿಗೆ ಇಷ್ಟು ದುಬಾರಿ ಬೆಲೆ ತೆರುವ ಗಿರಾಕಿ ನಾನೊಬ್ಬನೇ. ಅದರ ಹೆಮ್ಮೆಯನ್ನಾದರೂ ಯಾರೂ ನನ್ನಿಂದ ಕಿತ್ತುಕೊಳ್ಳುವ ಹಾಗಿಲ್ಲ.