ಎರಡು ಸಾರಿ ಬಡಿಸಿದ ಕೇಸು

ನಮ್ಮ ಸೋದರಮಾವನಿಗೆ ನೀವು ಬರೀ ಒಂದು ನಮಸ್ಕಾರ ಹೇಳಿ ನೋಡಿ. ಅದರಲ್ಲೂ ಒಂದು ತಪ್ಪು ಹುಡುಕಿ ನಿಮ್ಮ ಕೈಗೆ ಕೊಡದಿದ್ದರೆ ನನ್ನನ್ನು ಕೇಳಿ!

ಮೂವತ್ತು ವರ್ಷ ತೆಲುಗು ನಾಡಿನ ಸರ್ಕಾರಿ ಕಚೇರಿಯಲ್ಲಿ ಕನ್ನಡದ ಕಾಗದಗಳನ್ನು ತೆಲುಗಿಗೆ, ತೆಲುಗಿನವನ್ನು ಕನ್ನಡಕ್ಕೆ ಅನುವಾದಿಸಿ ನಿವೃತ್ತರಾದವರು. ಅವರು ಕಚೇರಿ ಬಿಟ್ಟರೂ ಕೆಂಪು ಪೆನ್ನು ಅವರ ಜೇಬು ಬಿಟ್ಟಿಲ್ಲ. ಹಿಮಾಯತ್‌ನಗರದ ಮನೆಗೆ ಗೆಳೆಯರೊಬ್ಬರು ಮಗನ ಲಗ್ನಪತ್ರಿಕೆ ತಂದರೆ, ಹದಿನಾಲ್ಕು ಕಡೆ ಗುರುತು ಹಾಕಿ, "ಲಗ್ನ ಒಂದ್ ತಿಂಗಳ ಮುಂದ ಹಾಕ್ರಿ, ಅಷ್ಟರಾಗ ಅಕ್ಷರ ಸುಧಾರಸ್ತಾವ" ಎಂದು ಹಿಂದಿರುಗಿಸಿದರು. ಆ ಗೆಳೆಯರು ಈಗ ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಾರೆ!

ಅತ್ತೆ ಪಾಪ ಒಮ್ಮೆ, "ಹೊಟ್ಟಿ ಭಾಳ ನೋಯಾಕತ್ತೈತ್ರಿ" ಎಂದರು.

"ನೋವೋ, ಉರಿಯೋ, ಸಂಕಟಾನೋ? ಮೂರೂ ಬ್ಯಾರೆ ಬ್ಯಾರೆ."

"ನಾಲ್ಕನೇದ್ದೂ ಒಂದ್ ಐತ್ರಿ. ನೀವು!"

ಇಂಥವರಿಗೆ ಹೋದ ವರ್ಷ ಬಡವರ ಕೇಸುಗಳನ್ನು ಉಚಿತವಾಗಿ ನಡೆಸುವ ವಕೀಲೆಯೊಬ್ಬಳು, ಒಂದು ಕಾಗದದ ಕನ್ನಡ ನೋಡಿಕೊಡಿ ಎಂದು ಫೋನ್ ಮಾಡಿದಳು. ಯಾದಗಿರಿ ಕಡೆಯ ಮಲ್ಲಪ್ಪ ಎಂಬ ಗೌಂಡಿ, ಇಲ್ಲಿ ಗಾರೆ ಕೆಲಸಕ್ಕೆ ಬಂದು ಕಟ್ಟಡದ ಕಬ್ಬಿಣ ಕದ್ದು ಇಲ್ಲಿನ ಜೈಲು ಸೇರಿದ್ದ. ಅಲ್ಲಿ ಅವನಿಗೆ ಅಡುಗೆಮನೆಯ ಕೆಲಸ. ಒಂದು ದಿನ ಊಟದ ಸಾಲಿನಲ್ಲಿ ತಳ್ಳಾಟವಾಗಿ ಇನ್ನೊಬ್ಬ ಕೈದಿಯ ಹಣೆ ಒಡೆಯಿತು. ಹೊಡೆದವರಾರೆಂದು ಪೆಟ್ಟು ತಿಂದವನೇ ನೋಡಿರಲಿಲ್ಲ. ಮಲ್ಲಪ್ಪನ ಕೈಯಲ್ಲಿ ಸೌಟು ಇತ್ತೆಂದು ಅವನನ್ನು ಹಿಡಿದರು. ಊಟಕ್ಕೆ ಹಾಕುವವನ ಕೈಯಲ್ಲಿ ಸೌಟಿರದೆ ಕೊಡೆ ಇರುತ್ತದೆಯೇ?

ಪೆಟ್ಟು ತಿಂದವನಿಗೆ ಏನು ಮಾಡಿದೆ ಎಂದು ಕೆಳಗಿನ ಕೋರ್ಟು ಕೇಳಿದಾಗ ಮಲ್ಲಪ್ಪ ಪ್ರಾಮಾಣಿಕವಾಗಿ, "ಎರಡ್ ಸಾರಿ ಬಡಿಸೀನ್ರಿ" ಎಂದ. ಅರೆಬರೆ ಕನ್ನಡದ ದುಭಾಷಿ ಆ ಮಾತನ್ನು ತೆಲುಗು ಅಕ್ಷರದಲ್ಲಿ ಹಾಗೇ ಬರೆದು, ಪಕ್ಕದಲ್ಲಿ ಅರ್ಥವನ್ನೂ ಬರೆದ: ಎರಡು ಸಲ ಹೊಡೆದೆ! ತಪ್ಪೊಪ್ಪಿಗೆಯೇ ಸಿಕ್ಕ ಮೇಲೆ ಇನ್ನೇನು? ಮತ್ತೊಂದು ವರ್ಷ ಶಿಕ್ಷೆ.

ಮೇಲ್ಮನವಿಗೆಂದು ಆ ಕಾಗದ ಓದಿದ ಮಾವ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. "ಒಂದ್ 'ಸಿ' ನುಂಗಿ ಮನಷ್ಯಾನ್ನ ಒಂದ್ ವರ್ಷ ಒಳಗ ಹಾಕ್ಯಾರಲ್ಲವ್ವಾ!" ಎಂದು ಊರಿನ ಇನ್ನೊಂದು ತುದಿ ಮಿಯಾಪುರದಲ್ಲಿದ್ದ ನನಗೆ ಫೋನಿನಲ್ಲೇ ಕೂಗಾಡಿದರು. ಫೈಲು ಹಿಡಿಯಲು ಜೊತೆಗೆ ನಾನು ಬೇಕಂತೆ. ರಜೆ ಹಾಕಿ ಹೋದೆ.

ಕೋರ್ಟಿನಲ್ಲಿ ಮಾವ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬಡಿದೆ ಎಂದರೆ ಹೊಡೆದೆ, ಬಡಿಸಿದೆ ಎಂದರೆ ಊಟಕ್ಕೆ ಹಾಕಿದೆ. ನ್ಯಾಯಾಧೀಶರು ತಲೆದೂಗುತ್ತಿದ್ದರು. ಅಷ್ಟರಲ್ಲಿ ಸರ್ಕಾರಿ ವಕೀಲರು ಎಲ್ಲಿಂದಲೋ ನಿಘಂಟು ತೆಗೆದು, "ಬಡಿಸು ಎಂದರೆ ಬೇರೆಯವರಿಂದ ಹೊಡೆಸು ಎಂಬ ಅರ್ಥವೂ ಇದೆಯಲ್ಲವೇ?" ಎಂದರು.

ಮಾವ ಕನ್ನಡಕ ಸರಿಮಾಡಿಕೊಂಡು, "ಇದೆ" ಎಂದುಬಿಟ್ಟರು!

ವಕೀಲೆ ಹಣೆಗೆ ಕೈ ಹಚ್ಚಿದಳು. ನಾನು ಫೈಲಿನ ಹಿಂದೆ ಮುಖ ಮುಚ್ಚಿಕೊಂಡೆ. ಒಬ್ಬನ ಒಂದು ವರ್ಷ ಹೋಗುತ್ತಿರುವಾಗಲೂ ಈ ಮನುಷ್ಯನಿಗೆ ವ್ಯಾಕರಣವೇ?

"ಆದರೆ ಸ್ವಾಮಿ," ಮಾವ ಮುಂದುವರಿಸಿದರು, "ಆ ಅರ್ಥ ಹಿಡಿದರೆ ಹೊಡೆದವನು ಬೇರೆಯವನಾಗಬೇಕು. ಇವನೇ ಕೈಯಾರೆ ಹೊಡೆದನೆಂದು ಶಿಕ್ಷೆಯಾಗಿದೆ. ಯಾವ ಅರ್ಥ ಹಿಡಿದರೂ ಇವನು ಹೊಡೆದಿಲ್ಲ."

ನ್ಯಾಯಾಧೀಶರು ಜೋರಾಗಿ ನಕ್ಕರು. ಸರ್ಕಾರಿ ವಕೀಲರು ನಿಘಂಟು ಮುಚ್ಚಿದರು.

ಎರಡು ವಾರದ ಮೇಲೆ ತೀರ್ಪು ಬಂತು. ಮಲ್ಲಪ್ಪ ಆ ಕೇಸಿನಿಂದ ಖುಲಾಸೆ. ಆದರೆ ಕಬ್ಬಿಣದ ಕಳವಿನ ಶಿಕ್ಷೆ ಇನ್ನೂ ಎರಡು ತಿಂಗಳು ಉಳಿದಿತ್ತು, ಜೈಲಿನ ವ್ಯಾನು ಹತ್ತಲೇಬೇಕು. ಹೊರಗೆ ಪೊಲೀಸರ ನಡುವೆ ನಿಂತಿದ್ದವನಿಗೆ ಮಾವ ಎಲ್ಲವನ್ನೂ ಬಿಡಿಸಿ ಹೇಳಿದರು. ಕೇಳಿ ಮುಗಿಸಿ ಮಲ್ಲಪ್ಪ ಕೈ ಮುಗಿದ.

"ಆತ್ರಿ ಸಾಹೇಬ್ರ. ಇನ್ನೊಂದ್ ಸ್ವಲ್ಪ ಮಾತಾಡ್ರಲ್ಲ."

"ಏನ್ ಮಾತಾಡ್ಲೆಪ್ಪಾ?"

"ಏನರೆ ಮಾತಾಡ್ರಿ. ಅಲ್ಲಿ ನನ್ನ ಸಂಗಟ ಕನ್ನಡ ಮಾತಾಡವ್ರು ಒಬ್ಬರೂ ಇಲ್ರಿ. ಹೆಸರ್ ಹಿಡದೂ ಯಾರೂ ಕರಿಯಂಗಿಲ್ಲ. 'ಏ ಕನ್ನಡಾ' ಅಂತಾರ."

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಪೊಲೀಸರು ಅವನನ್ನು ಹತ್ತಿಸಿ ಬಾಗಿಲು ಹಾಕಿದರು. ವ್ಯಾನು ಗೇಟಿನ ಕಡೆ ತಿರುಗಿತು.

ಎಪ್ಪತ್ತು ದಾಟಿದ, ಮಂಡಿನೋವಿನ ಮಾವ ಇದ್ದಕ್ಕಿದ್ದಂತೆ ಅದರ ಹಿಂದೆ ಓಡಿದರು.

"ಮಲ್ಲಪ್ಪಾ! ಏ ಮಲ್ಲಪ್ಪಾ!"

ಜಾಲರಿಯ ಹಿಂದೆ ಮುಖ ಕಾಣಿಸಿತು. "ಏನ್ರೀ ಸಾಹೇಬ್ರ?"

"ಏನಿಲ್ಲೋ ಅಪ್ಪಾ, ಸುಮ್ನ ಕರದೆ."