ಮೇಷ್ಟ್ರ ಕಾರಿನ ಪೈಪು

ಕನ್ನಡಕದಂಗಡಿಯವನ ಕಾರು ಸ್ಟಾರ್ಟ್ ಮಾಡಿದೊಡನೆ ಬುಸುಗುಡುತ್ತಿತ್ತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರದೂ ಅದೇ ಕಂಪನಿಯ, ಅದೇ ವರ್ಷದ ಕಾರು. ಅದು ಮಾತ್ರ ಹಾಲು ಕುಡಿದ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಡುತ್ತಿತ್ತು. ನೋಡಿದಾಗಲೆಲ್ಲ ಇವನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಹೇಳಿದಳು: "ಸಂಜೆ ಅಕ್ಕನ ಮನೆಗೆ ಹೋಗ್ಬೇಕು. ಆ ಬುಸುಬುಸು ನಿಲ್ಲದಿದ್ರೆ ನಾನು ಮೇಷ್ಟ್ರ ಕಾರಲ್ಲೇ ಹೋಗ್ತೀನಿ. ಅವರೂ ಆ ಕಡೆಗೇ ಹೊರಟಿದ್ದಾರೆ."

ನಡೆದು ಹೋಗುತ್ತೇನೆ ಎಂದಿದ್ದರೂ ಸಹಿಸುತ್ತಿದ್ದ. ಮೇಷ್ಟ್ರ ಕಾರಿನಲ್ಲಿ ಹೋಗುವುದೆಂದರೇನು? ತಕ್ಷಣ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ರಬ್ಬರ್ ಪೈಪಿನ ಮೇಲೂ ಸೋಪಿನ ನೀರು ಚಿಮುಕಿಸತೊಡಗಿದ. ಗಾಳಿ ಎಳೆಯುವ ಬಿರುಕಿಗೆ ನೀರು ತಾಗಿದರೆ ಸದ್ದು ಬದಲಾಗುತ್ತದೆಂದು ಯಾರೋ ಹೇಳಿಕೊಟ್ಟಿದ್ದರು.

"ಎಂಜಿನ್ನಿಗೆ ಸ್ನಾನಾನಾ? ಕಿವಿ ಹಿಂದೇನೂ ತಿಕ್ಕಪ್ಪ," ಎಂದಳು ಮೇಲ್ಮನೆಯ ಅಜ್ಜಿ, ಬಾಲ್ಕನಿಯಿಂದ.

ಗೇಣುದ್ದದ ಒಂದು ಪೈಪಿಗೆ ನೀರು ಬಿದ್ದದ್ದೇ ಬುಸುಬುಸು ಗಕ್ಕನೆ ನಿಂತು, ಮತ್ತೆ ಶುರುವಾಯಿತು. ಕಳ್ಳ ಸಿಕ್ಕಿಬಿದ್ದಿದ್ದ.

"ಏನಂತೆ ರೋಗ?" ಮೇಷ್ಟ್ರು ಗೋಡೆಯಾಚೆಯಿಂದ ಕೇಳಿದರು.

"ಈ ಪೈಪು ಕೆಳಗಡೆ ಸೀಳಿದೆ. ಇವತ್ತು ಒಂದು ಅಂಗಡೀನೂ ತೆಗೆದಿರಲ್ಲ."

"ಅಯ್ಯೋ ಪಾಪ," ಎಂದರು ಮೇಷ್ಟ್ರು.

ಆ 'ಪಾಪ' ಉರಿಯುವ ಬೆಂಕಿಗೆ ಎಣ್ಣೆ ಸುರಿಯಿತು. ಬಾನೆಟ್ ತೆರೆದೇ ಬಿಟ್ಟು ಊಟಕ್ಕೆ ಹೋದ. ಕೈತೊಳೆಯುವಷ್ಟರಲ್ಲಿ ಉಪಾಯ ಹೊಳೆದಿತ್ತು.

ಮೇಷ್ಟ್ರು ಮಲಗಿ ಗೊರಕೆ ಹೊಡೆಯುತ್ತಿದ್ದರು. ಅವರ ಕಾರಿಗೆ ಎಂದೂ ಬೀಗವಿಲ್ಲ. ಇವನು ಮೆಲ್ಲನೆ ಅವರ ಪೈಪು ಕಿತ್ತು ತನ್ನ ಕಾರಿಗೆ ಹಾಕಿ, ತನ್ನದನ್ನು ಅವರದಕ್ಕೆ ಸಿಕ್ಕಿಸಿದ. ಹತ್ತು ನಿಮಿಷದ ಕೆಲಸ. ಮೇಷ್ಟ್ರು ಎದ್ದಾರೆಂದು ಸ್ಟಾರ್ಟ್ ಮಾಡಿ ನೋಡಲಿಲ್ಲ.

ಸಂಜೆ ಹೆಂಡತಿ ಸಿಂಗರಿಸಿಕೊಂಡು ಬಂದಳು. ಇವನು ಮೀಸೆ ತಿರುವುತ್ತ ಕೀಲಿ ತಿರುಗಿಸಿದ. ಬುಸ್ಸ್!

ಆಚೆ ಸ್ಟಾರ್ಟ್ ಆಗಿದ್ದ ಮೇಷ್ಟ್ರ ಕಾರು ಬೆಕ್ಕಿನ ಹಾಗೆಯೇ ಸದ್ದಿಲ್ಲದೆ ಇತ್ತು. ಮೇಷ್ಟ್ರು ತಲೆ ಕೆರೆಯುತ್ತ ಬಂದರು. "ಇದೇನು ವಿಚಿತ್ರ! ನೀವು ಊಟಕ್ಕೆ ಹೋದಾಗ ನನ್ನ ಪೈಪನ್ನೇ ನಿಮ್ಮ ಕಾರಿಗೆ ಹಾಕಿ, ನಿಮ್ಮ ಸೀಳು ಪೈಪು ನಾನು ಹಾಕ್ಕೊಂಡಿದ್ದೆ. ನಾಳೆ ಹೊಸದು ತಂದರಾಯ್ತು ಅಂತ. ಈಗ ಬುಸುಗುಡಬೇಕಾದದ್ದು ನನ್ನ ಕಾರು."

ಇವನು ಎಂಜಿನ್ ಆರಿಸಿದ.

"ನಾನು ನೋಡಿದೆ," ಎಂದಳು ಬಾಲ್ಕನಿಯ ಅಜ್ಜಿ. "ನೀವು ಮಲಗಿದ ಮೇಲೆ ಇವನೇ ಬಂದು ನಿಮ್ಮ ಪೈಪು ನಿಮಗೇ ವಾಪಸ್ ಹಾಕಿಕೊಟ್ಟ. ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿದ್ದಾರೆ?"

ಮೇಷ್ಟ್ರ ಕಣ್ಣು ತುಂಬಿ ಬಂತು. "ಎಂಥ ಸ್ವಾಭಿಮಾನ ನಿಮ್ಮದು! ಬನ್ನಿ, ನೀವೂ ನಮ್ಮ ಕಾರಲ್ಲೇ ಬನ್ನಿ," ಎಂದು ಕೈಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಹೆಂಡತಿ ಆಗಲೇ ಮುಂದಿನ ಸೀಟಿನಲ್ಲಿದ್ದಳು.

ಕಾರು ಸದ್ದಿಲ್ಲದೆ ಹೊರಟಿತು.

"ಎಷ್ಟು ಹಾಯಾಗಿದೆ ಅಲ್ವಾ?" ಅವಳು ಹಿಂತಿರುಗಿ ಕೇಳಿದಳು.

"ಹೂಂ," ಎಂದ.