ಕಲ್ಲಂಗಡಿಗೆ ಮೊಣಕಾಲಿಲ್ಲ, ಅಧ್ಯಕ್ಷರೇ

ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ಊರಿನ ಸಮಸ್ತ ಸೈಕಲ್ ಸವಾರರ ತಲೆಗಳ ಪಾಲಕರೂ ಆದ ಮಾನ್ಯರೇ,

ತಾವು, ತಮ್ಮ ಮನೆಯವರು, ತಮ್ಮ ಬಿಳಿ ಕಾರು, ಅದರಲ್ಲೂ ಮುಖ್ಯವಾಗಿ ಆ ಕಾರಿನ ಬಾಗಿಲು ಕ್ಷೇಮವೆಂದು ನಂಬಿ ನಮಸ್ಕಾರ ಹೇಳುತ್ತಿದ್ದೇನೆ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು, ತಿದ್ದಿಕೊಳ್ಳುವ ಅಭ್ಯಾಸ ತಮಗಿದ್ದರೆ.

ಸೈಕಲ್ಲಿನವರಿಗೆ ಹೆಲ್ಮೆಟ್ ಕಡ್ಡಾಯ ಮಾಡಬೇಕೋ ಬೇಡವೋ ಎಂದು ಹೋದ ವಾರ ತಾವು ಕರೆದ ಸಭೆಗೆ ನಾನೂ ಬಂದಿದ್ದೆ. ಬಾಗಿಲ ತನಕ ಬರುವಷ್ಟರಲ್ಲಿ ಸಾಕುಸಾಕಾಯಿತು. ಏಕೆಂದರೆ ಸೈಕಲ್ಲಿಗೆಂದೇ ಗೆರೆ ಎಳೆದಿಟ್ಟ ದಾರಿಯ ಉದ್ದಕ್ಕೂ ಸಮಿತಿಯ ಸದಸ್ಯರ ಕಾರುಗಳು ಎಮ್ಮೆಗಳ ಹಾಗೆ ಆರಾಮಾಗಿ ವಿಶ್ರಾಂತಿ ಪಡೆಯುತ್ತಿದ್ದವು. ಸೈಕಲ್ಲಿನವರ ಸುರಕ್ಷತೆಯ ಬಗ್ಗೆ ಯೋಚಿಸಲು ಇಷ್ಟೊಂದು ಜನ ಕಾರಿನಲ್ಲೇ ಬಂದರಲ್ಲ ಎಂದು ನನ್ನ ಹೃದಯ ತುಂಬಿ ಬಂತು.

ಒಳಗೆ ತಾವು ಒಂದು ಕಲ್ಲಂಗಡಿಗೆ ಹೆಲ್ಮೆಟ್ ತೊಡಿಸಿ, ಗಲ್ಲವೇ ಇಲ್ಲದ ಅದಕ್ಕೆ ಪಟ್ಟಿ ಬಿಗಿದು, ಎತ್ತಿ ಕೆಳಗೆ ಬಿಟ್ಟಿರಿ, ಒಡೆಯಲಿಲ್ಲ. ಇನ್ನೊಂದನ್ನು ಬರಿತಲೆಯಲ್ಲಿ ಬಿಟ್ಟಿರಿ. ಮುಂದಿನ ಸಾಲಿನವರ ಬಟ್ಟೆಯೆಲ್ಲ ಕೆಂಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹೆಲ್ಮೆಟ್ ಬೇಡವೆಂದು ನಾನೆಲ್ಲಿ ಹೇಳಿದೆ? ತಲೆ ಇದ್ದವರು ತಲೆ ಕಾಯ್ದುಕೊಳ್ಳಲಿ. ಆದರೆ ಚಪ್ಪಾಳೆ ನಿಲ್ಲುವ ಮೊದಲೇ ತಾವು ಅಪ್ಪಣೆ ಕೊಡಿಸಿದಿರಿ: "ಹೋದ ತಿಂಗಳು ಬ್ರೆಡ್ ಹಾಕೋನು ಒಬ್ಬ ಬಿದ್ದನಲ್ಲ, ಹೆಲ್ಮೆಟ್ ಹಾಕ್ಕೊಂಡಿದ್ರೆ ಹಾಗಾಗ್ತಿತ್ತಾ? ತಪ್ಪು ಅವನೇ ಒಪ್ಕೊಂಡಿದ್ದಾನೆ."

ಆ ಬ್ರೆಡ್ ಹಾಕುವವನು ನನ್ನ ತಮ್ಮ, ಮಾನ್ಯರೇ. ಮುರಿದದ್ದು ಅವನ ಮೊಣಕಾಲು. ತಲೆಗೆ ಒಂದು ಗೀರೂ ಬಿದ್ದಿಲ್ಲ.

ತಮಗೆ ಮರೆವು ಹೆಚ್ಚೆಂದು ಕಾಣುತ್ತದೆ, ನೆನಪಿಸುತ್ತೇನೆ. ಬೇಕರಿಯ ಮುಂದೆ ಸೈಕಲ್ ದಾರಿಯಲ್ಲಿ ಕಾರು ನಿಲ್ಲಿಸಿ, ಫೋನಿನಲ್ಲಿ ಮಾತಾಡುತ್ತಲೇ, ಹಿಂದೆ ಯಾರು ಬರುತ್ತಿದ್ದಾರೆಂದು ಕತ್ತು ತಿರುಗಿಸದೆ ಬಾಗಿಲು ತೆಗೆದ ಮಹನೀಯರು ತಾವೇ. ಇವನು ಬಾಗಿಲಿಗೆ ಬಡಿದು, ಕಾಲು ಮಡಚಿಕೊಂಡು ಬಿದ್ದ, ಬ್ರೆಡ್ಡೆಲ್ಲ ಬೀದಿಪಾಲು. ಕೆಳಗಿಳಿದು ತಾವು ಆಡಿದ ಮೊದಲ ಮಾತು, "ಹೆಲ್ಮೆಟ್ ಎಲ್ಲಯ್ಯಾ ನಿಂದು?" ನನ್ನ ತಮ್ಮನೋ, ಕಾರಿನಿಂದ ಇಳಿದವರಿಗೆಲ್ಲ ಕೈ ಮುಗಿಯುವ ಪೆದ್ದ. ಬಿದ್ದಲ್ಲಿಂದಲೇ, "ತಪ್ಪಾಯ್ತು ಸಾರ್, ಮನೇಲಿ ಬಿಟ್ಟು ಬಂದೆ" ಅಂದ. ಆ ಒಂದು ಮಾತನ್ನು ತಾವು ಎಷ್ಟು ಜೋಪಾನವಾಗಿ ಸಭೆಯವರೆಗೂ ಹೊತ್ತು ತಂದಿರಿ! ಅವನ ಕಾಲನ್ನು ಆಸ್ಪತ್ರೆಗೆ ಸಾಗಿಸುವಾಗ ಇಷ್ಟು ಜೋಪಾನ ಕಾಣಲಿಲ್ಲ.

ಅವತ್ತು ಸಭೆಯಲ್ಲಿ ಬೇಕರಿಯ ಯಜಮಾನರೂ ಕೂತಿದ್ದರು. ಮಾರನೆಯ ದಿನ ಹೋಗಿ ನನ್ನ ತಮ್ಮನ ಕೆಲಸದ ಗತಿಯೇನೆಂದು ಕೇಳಿದರೆ, "ನಾನೇನ್ ಮಾಡ್ಲಮ್ಮಾ, ತಪ್ಪು ನಿಮ್ಮ ತಮ್ಮಂದೇ ಅಂತ ಅಧ್ಯಕ್ಷರೇ ಹೇಳಿದ್ರಲ್ಲ. ಅಜಾಗರೂಕರನ್ನ ಇಟ್ಕೊಂಡು ನಾನು ಮಾತು ಕೇಳ್ಬೇಕಾ?" ಎಂದರು. ಕಾಲು ಕೂಡುವವರೆಗೆ ಅವನ ಬದಲು ಅವನ ಸೈಕಲ್ಲಿನಲ್ಲಿ ನಾನೇ ಬ್ರೆಡ್ ಹಾಕುತ್ತೇನೆಂದು ಜಗಳ ಮಾಡಿ ಒಪ್ಪಿಸಿ ಬಂದಿದ್ದೇನೆ. ಕೂಡಿದ ಮೇಲೆ ಅವನಿಗೆ ಕೆಲಸ ಉಂಟೋ ಇಲ್ಲವೋ, ಅದಕ್ಕೆ ಮಾತ್ರ ಯಜಮಾನರು ಬಾಯಿ ಬಿಡುತ್ತಿಲ್ಲ.

ಆದ್ದರಿಂದ ತಮ್ಮ ಘನ ಸಮಿತಿಯಲ್ಲಿ ಕೆಲವು ಬಿನ್ನಹಗಳು. ಮೊಣಕಾಲಿಗೊಂದು, ಮೊಣಕೈಗೊಂದು, ಬ್ರೆಡ್ಡಿಗೊಂದು ಹೆಲ್ಮೆಟ್ ಕಡ್ಡಾಯ ಮಾಡಿ. ಇಷ್ಟೆಲ್ಲ ತೊಟ್ಟು ಸೈಕಲ್ ಹತ್ತಲಾಗದೆ ಜನ ಮನೆಯಲ್ಲೇ ಕೂತರೆ ಬಹಳ ಒಳ್ಳೆಯದು, ತಮ್ಮ ಕಾರುಗಳಿಗೆ ಇನ್ನಷ್ಟು ಜಾಗವಾಯಿತು. ಸಾಧ್ಯವಾದರೆ ಕಾರಿನಲ್ಲಿ ಕೂರುವವರಿಗೆ ತಿರುಗುವ ಕತ್ತನ್ನೂ ಕಡ್ಡಾಯ ಮಾಡಿ. ಮುಂದಿನ ಸಭೆಗೆ ಅದೇ ಕಲ್ಲಂಗಡಿಯನ್ನು ಸೈಕಲ್ಲಿನ ಮೇಲೆ ಕೂರಿಸಿ, ಹೆಲ್ಮೆಟ್ ತೊಡಿಸಿ, ಎದುರಿಗೆ ತಾವೇ ಬಾಗಿಲು ತೆಗೆದು ತೋರಿಸಬೇಕು. ಬಿದ್ದಲ್ಲಿಂದ ಅದೂ "ತಪ್ಪಾಯ್ತು ಸಾರ್" ಅಂದರೆ ನಾನು ಈ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ.

ಇದ್ಯಾವುದೂ ಆಗದಿದ್ದರೆ ಒಂದೇ ಒಂದು ಮಾಡಿ. ಬೇಕರಿಗೆ ಹೋಗಿ, ಯಜಮಾನರ ಮುಂದೆ ನಿಂತು, "ಬಾಗಿಲು ತೆಗೆದದ್ದು ನಾನು, ನೋಡದೆ ತೆಗೆದೆ" ಎಂದು ಹೇಳಿ. ಸಭೆಯಲ್ಲಿ ಅಷ್ಟುದ್ದ ಮಾತಾಡಿದ ಬಾಯಿಗೆ ಇಷ್ಟು ಚಿಕ್ಕ ಮಾತು ಭಾರವಾಗಲಾರದು.

ಇಂತು, ತಮ್ಮ ಬಾಗಿಲ ರುಚಿ ಕಂಡವನ ಅಕ್ಕ ಹಾಗೂ
ತಮ್ಮ ವಿಶ್ವಾಸಿ

ತಾಜಾ ಕಲಂ: ದಿನಾ ಬೆಳಿಗ್ಗೆ ತಮ್ಮ ಮನೆಗೂ ಬ್ರೆಡ್ ತರುತ್ತಿರುವವಳು ನಾನೇ. ಹೆಲ್ಮೆಟ್ ಹಾಕಿದ್ದೇನೆ, ಪಟ್ಟಿಯನ್ನೂ ಬಿಗಿದಿದ್ದೇನೆ, ತಾವು ಹೇಳಿದ್ದೆಲ್ಲ ಮಾಡಿದ್ದೇನೆ. ಇನ್ನು ಬಾಕಿ ಇರುವುದು ತಮ್ಮ ಕಡೆಯದು: ಬಾಗಿಲು ತೆಗೆಯುವ ಮೊದಲು ಒಮ್ಮೆ ಹಿಂತಿರುಗಿ ನೋಡಿ. "ತಪ್ಪಾಯ್ತು" ಅನ್ನುವ ಅಭ್ಯಾಸ ನನಗಿಲ್ಲ.